ಸೀತಾಫಲದ ಹೂವೇಕೆ ಕಾಯಾಗದು?

ಪ್ರಶ್ನೆ: ನಮ್ಮ ಹಿತ್ತಿಲಿನ ಸೀತಾಫಲದ ಗಿಡ ಮೈತುಂಬ ಹೂ ಬಿಟ್ಟರೂ ಕಾಯಿ ಕಚ್ಚುವುದಿಲ್ಲ. ಗೊಬ್ಬರ ಸಾಲದೇ?

ಉತ್ತರ: ಗೊಬ್ಬರಕ್ಕಿಂತ ಪರಾಗಸ್ಪರ್ಶದ ಕೊರತೆಯೇ ಕಾರಣವಿರಬಹುದು. ಇದರ ಹೂವು ಮೊದಲು ಹೆಣ್ಣಾಗಿ, ಅನಂತರ ಗಂಡಾಗಿ ವರ್ತಿಸುವುದರಿಂದ ತನ್ನ ಪರಾಗ ತನಗೇ ಒದಗುವುದು ಅಪರೂಪ. ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಒಯ್ಯುವ ಪುಟ್ಟ ದುಂಬಿಗಳು ಪೇಟೆಯ ಹಿತ್ತಿಲುಗಳಿಗೆ ಬರುವುದೂ ಕಡಿಮೆ. ಬೆಳಗಿನ ತಂಪಿನಲ್ಲಿ, ದಳಗಳು ಪೂರ್ತಿ ಬಿರಿದ ಹೂವನ್ನು ಬಟ್ಟಲಿನ ಮೇಲೆ ಮೆಲ್ಲನೆ ತಟ್ಟಿ ಪುಡಿಯಂತಹ ಪರಾಗವನ್ನು ಸಂಗ್ರಹಿಸಿ, ದಳಗಳು ಅರೆಬಿರಿದು ಒಳಗಿನ ಮೊನೆ ಅಂಟಂಟಾಗಿ ಹೊಳೆಯುತ್ತಿರುವ ಹೂವಿಗೆ ಮೆತ್ತನೆಯ ಕುಂಚದಿಂದ ಸುತ್ತಲೂ ಸವರಿರಿ. ಒಂದೇ ಮಗ್ಗುಲಿಗೆ ಸವರಿದರೆ ಕಾಯಿ ಸೊಟ್ಟಗಾಗುತ್ತದೆ, ಏಕೆಂದರೆ ಪರಾಗ ತಾಗಿದ ಕಡೆಯ ತೊಳೆಗಳಷ್ಟೇ ತುಂಬಿಕೊಳ್ಳುತ್ತವೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸಹನ್’ ತಳಿಗೂ ಈ ಕೈಪರಾಗಸ್ಪರ್ಶ ಬಹಳ ಅನುಕೂಲಕರ.