ನಂಬರ್ ಅದೇ, ಮಾಲು ಬೇರೆ

ಪ್ರಶ್ನೆ: ಕೋಲಾರದ ಟೊಮೆಟೊ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ತಂಡ ನಮ್ಮದು. ಜಾವಾದಲ್ಲಿ ಬರೆದು, ಬೇಕಾದ ಲೈಬ್ರರಿಗಳನ್ನು ತಾನೇ ಇಳಿಸಿಕೊಳ್ಳುವ ಮೇವನ್ ಎಂಬ ಟೂಲಿನಲ್ಲಿ ಬಿಲ್ಡ್ ಮಾಡುತ್ತೇವೆ. 15 ಕೆ.ಜಿ. ಬಾಕ್ಸಿನ ಲೆಕ್ಕ ಹಾಕುವ ಭಾಗ ಬೇರೆ ಲೈಬ್ರರಿಯಾಗಿದೆ, ಅದನ್ನು ನೋಡಿಕೊಳ್ಳುವ ಸಹೋದ್ಯೋಗಿ ಬೆಂಗಳೂರಿನಲ್ಲಿದ್ದಾರೆ. ಪೈಸೆ ರೌಂಡ್ ಆಗುವಲ್ಲಿದ್ದ ತಪ್ಪು ಸರಿಮಾಡಿ, 1.4.2 ಅನ್ನೇ ಮತ್ತೆ ಕಂಪನಿಯ ರೆಪಾಸಿಟರಿಗೆ (ಲೈಬ್ರರಿಗಳ ಉಗ್ರಾಣ) ಹಾಕಿದ್ದೇನೆ ಅಂದರು. ನಾನು ಕ್ಲೀನ್ ಮಾಡಿದೆ, ದೊಡ್ಡಕ್ಷರದ ‘ಯು’ ಆಯ್ಕೆ ಕೊಟ್ಟೂ ಬಿಲ್ಡ್ ಮಾಡಿದೆ. ಹಳೇ ಲೆಕ್ಕವೇ ಬರುತ್ತಿದೆ. ಮೇವನ್ ಇಳಿಸಿಕೊಂಡದ್ದನ್ನೆಲ್ಲ ಇಡುವ ಡಾಟ್ ಎಂ2 ಫೋಲ್ಡರನ್ನೇ ಅಳಿಸಿಬಿಡು ಅಂತಾರೆ ಗೆಳೆಯರು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಎಲ್ಲವನ್ನೂ ಮತ್ತೆ ಇಳಿಸಿಕೊಳ್ಳಬೇಕೇ?
– ಓದುಗರು, ಕೋಲಾರ

ಉತ್ತರ: ಬೇಡ. ಡೇಟಾ ಖರ್ಚಾಗುತ್ತದೆ ಎಂಬುದೊಂದೇ ಕಾರಣವಲ್ಲ. ಡಾಟ್ ಎಂ2 ಒಳಗೆ ಸೆಟ್ಟಿಂಗ್ಸ್ ಫೈಲೂ ಇರುತ್ತದೆ; ಕಂಪನಿ ರೆಪಾಸಿಟರಿಯ ವಿಳಾಸ, ಪಾಸ್‌ವರ್ಡ್ ಸಾಮಾನ್ಯವಾಗಿ ಅದರಲ್ಲೇ. ಅದನ್ನೂ ಅಳಿಸಿಕೊಂಡರೆ ಹೊಸ ಜಾರ್ (ಲೈಬ್ರರಿಯ ಫೈಲ್) ಹಾಗಿರಲಿ, ಹಳೆಯದೂ ಸಿಗದ ಹಾಗಾಗುತ್ತದೆ.

‘1.4.2 ಅನ್ನೇ ಮತ್ತೆ’ ಅಂದಿರಲ್ಲ, ತೊಂದರೆ ಅಲ್ಲೇ ಇದೆ. ಮೇವನ್ ಆವೃತ್ತಿಗಳನ್ನು ಎರಡು ಬಗೆಯಾಗಿ ನೋಡುತ್ತದೆ. ನಂಬರಿನ ಕೊನೆಗೆ ‘ಸ್ನ್ಯಾಪ್‌ಶಾಟ್’ ಎಂದಿದ್ದರೆ ಅದು ಇನ್ನೂ ತಯಾರಾಗುತ್ತಿರುವ ಮಾಲು, ಯಾವಾಗ ಬೇಕಾದರೂ ಬದಲಾಗಬಹುದು. ಹಾಗಾಗಿ ಹೊಸದು ಬಂದಿದೆಯೇ ಎಂದು ರಿಮೋಟ್ ರೆಪಾಸಿಟರಿಯನ್ನು ಆಗಾಗ ಕೇಳುತ್ತದೆ, ನೀವೇನೂ ಹೇಳದಿದ್ದರೆ ದಿನಕ್ಕೊಮ್ಮೆ. ಬೆಳಿಗ್ಗೆ ಒಮ್ಮೆ ಕೇಳಿ ಮುಗಿಸಿದ್ದರೆ, ಮಧ್ಯಾಹ್ನ ಬಂದ ಸ್ನ್ಯಾಪ್‌ಶಾಟ್ ಅಂದು ಕಾಣುವುದಿಲ್ಲ. ಈಗಲೇ ಕೇಳು ಅನ್ನುವುದಕ್ಕೆ ಆ ‘ಯು’ ಆಯ್ಕೆ ಇದೆ.

ಬರೀ 1.4.2 ಎಂದಿದ್ದರೆ ಅದು ರಿಲೀಸ್. ರಿಲೀಸ್ ಒಮ್ಮೆ ನಿಮ್ಮ ಲ್ಯಾಪ್‌ಟಾಪಿಗೆ ಇಳಿದರೆ ಮೇವನ್ ಮತ್ತೆ ಕೇಳುವುದೇ ಇಲ್ಲ, ‘ಯು’ ಕೊಟ್ಟರೂ ಅಷ್ಟೆ. ರಿಲೀಸ್ ವಿಷಯದಲ್ಲಿ ಆ ಆಯ್ಕೆಗೆ ಇರುವ ಕೆಲಸ ಇಷ್ಟೇ: ಹಿಂದೆ ಹುಡುಕಿ ಸಿಗದೇ ಹೋದದ್ದನ್ನು ಮತ್ತೊಮ್ಮೆ ಹುಡುಕುವುದು. ಸಹೋದ್ಯೋಗಿ ರೆಪಾಸಿಟರಿಗೆ ಹಾಕುವ ಮೊದಲೇ ನೀವು ಬಿಲ್ಡ್ ಮಾಡಿದ್ದರೆ ‘ಸಿಗಲಿಲ್ಲ’ ಎಂಬುದನ್ನೂ ಮೇವನ್ ಬರೆದಿಟ್ಟುಕೊಳ್ಳುತ್ತದೆ. ಆ ಫೋಲ್ಡರಿನಲ್ಲಿ ಜಾರ್ ಇರುವುದಿಲ್ಲ, ‘ಲಾಸ್ಟ್‌ಅಪ್‌ಡೇಟೆಡ್’ ಎಂದು ಕೊನೆಯಾಗುವ ಪುಟ್ಟ ಫೈಲ್ ಮಾತ್ರ ಇರುತ್ತದೆ. ಅಂಥ ಕಡೆ ‘ಯು’ ಮದ್ದು. ನಿಮ್ಮಲ್ಲಿ ಜಾರ್ ಇದೆ, ಹಳೆಯದು. ಇನ್ನು ಕ್ಲೀನ್? ಅದು ನಿಮ್ಮ ಪ್ರಾಜೆಕ್ಟಿನ ಟಾರ್ಗೆಟ್ ಫೋಲ್ಡರನ್ನು ಗುಡಿಸುತ್ತದೆ, ಡಾಟ್ ಎಂ2 ಕಡೆ ತಿರುಗಿಯೂ ನೋಡುವುದಿಲ್ಲ.

ಈಗ ಮಾಡಬೇಕಾದ್ದು. ಡಾಟ್ ಎಂ2 ಒಳಗಿನ ರೆಪಾಸಿಟರಿ ಫೋಲ್ಡರ್ ತೆರೆಯಿರಿ. ಲೈಬ್ರರಿಯ ಗುಂಪಿನ ಹೆಸರಾದ ಗ್ರೂಪ್ ಐಡಿಯಲ್ಲಿ ಚುಕ್ಕೆ ಬಂದಲ್ಲೆಲ್ಲ ಒಂದೊಂದು ಫೋಲ್ಡರ್ ಒಳಗಿಳಿಯುತ್ತಾ ಹೋದರೆ ಲೈಬ್ರರಿಯ ಹೆಸರು, ಅದರೊಳಗೆ 1.4.2 ಸಿಗುತ್ತದೆ. ಅಳಿಸುವ ಮುಂಚೆ ಅಲ್ಲಿನ ಜಾರ್‌ನ ಶಾ-1 ಮೊತ್ತ (ಫೈಲಿನ ಬೆರಳಚ್ಚು ಇದ್ದಂತೆ) ತೆಗೆಯಿರಿ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್, ಲಿನಕ್ಸ್‌ನಲ್ಲಿ ಶಾ1ಸಮ್ ಕಮಾಂಡ್ ಸಾಕು, 40 ಅಕ್ಷರದ ಒಂದು ಸಾಲು ಬರುತ್ತದೆ. ಸಹೋದ್ಯೋಗಿಗೂ ತಮ್ಮ ಜಾರ್‌ನದ್ದನ್ನು ವಾಟ್ಸ್ಆ್ಯಪ್ ಮಾಡಲು ಹೇಳಿ. ಎರಡೂ ಬೇರೆಯಾಗಿದ್ದರೆ ನಾನು ಹೇಳಿದ್ದೇ ಕಾರಣ, ಆ 1.4.2 ಫೋಲ್ಡರ್ ಒಂದನ್ನೇ ಅಳಿಸಿ ಬಿಲ್ಡ್ ಮಾಡಿ. ಇಳಿಯುವುದು ಆ ಒಂದು ಲೈಬ್ರರಿ ಮಾತ್ರ, ಹಾಟ್‌ಸ್ಪಾಟ್‌ಗೇನೂ ಭಾರವಲ್ಲ. ಎರಡೂ ಒಂದೇ ಆಗಿದ್ದರೆ ಹೊಸ ಜಾರ್ ಬಂದಾಗಿದೆ, ತಪ್ಪು ಕೋಡಿನಲ್ಲೇ ಉಳಿದಿದೆ. ಅಥವಾ ಬೇರೆ ಯಾವುದೋ ಲೈಬ್ರರಿಯ ಬೆನ್ನಿಗೆ ಇದರ ಹಳೇ ಆವೃತ್ತಿ ಬರುತ್ತಿದೆ. ಯಾವ ಲೈಬ್ರರಿ ಯಾವುದನ್ನು ಎಳೆತರುತ್ತದೆ ಎಂದು ತೋರಿಸುವ ಡಿಪೆಂಡೆನ್ಸಿ ಟ್ರೀ ತೆಗೆದು ನೋಡಿದರೆ ಯಾವ ನಂಬರ್ ಗೆದ್ದಿದೆ ಎಂದು ತಿಳಿಯುತ್ತದೆ.

ಇಷ್ಟರಿಂದ ನಿಮ್ಮ ಲ್ಯಾಪ್‌ಟಾಪ್ ಸರಿಹೋಗುತ್ತದೆ, ನಿಮ್ಮ ತಂಡ ಸರಿಹೋಗುವುದಿಲ್ಲ. ಒಂದೇ ಲಾಟ್ ನಂಬರಿನಲ್ಲಿ ಎರಡು ಬಗೆಯ ಮಾಲು ಇಳಿಸಿದರೆ ಮಂಡಿಯಲ್ಲಿ ಯಾರಾದರೂ ಒಪ್ಪುತ್ತಾರೆಯೇ? ಜಾವಾ ಲೋಕದ ದೊಡ್ಡ ಸಾರ್ವಜನಿಕ ರೆಪಾಸಿಟರಿಯಾದ ಮೇವನ್ ಸೆಂಟ್ರಲ್‌ನಲ್ಲಿ ಒಮ್ಮೆ ಪ್ರಕಟವಾದ ರಿಲೀಸನ್ನು ಬದಲಿಸಲು ಬರುವುದೇ ಇಲ್ಲ. ನಿಮ್ಮ ಸಹೋದ್ಯೋಗಿಗೆ ಬದಲಿಸಲು ಬಂತು ಎಂದರೆ ಕಂಪನಿಯ ರೆಪಾಸಿಟರಿಯಲ್ಲಿ ಆ ಬೀಗ ಹಾಕಿಲ್ಲ. ರೆಪಾಸಿಟರಿ ನಡೆಸಲು ನೆಕ್ಸಸ್ ಎಂಬ ಸಾಫ್ಟ್‌ವೇರ್ ಬಳಸುತ್ತಿದ್ದರೆ ರಿಲೀಸ್ ರೆಪಾಸಿಟರಿಗೆ ‘ಡಿಸೇಬಲ್ ರೀಡಿಪ್ಲಾಯ್’ ಎಂಬ ಆಯ್ಕೆ ಇದೆ, ಹಾಕಿಸಿ. ರೌಂಡಿಂಗ್ ತಿದ್ದಿದ ಕೋಡ್ 1.4.3 ಆಗಿ ಬರಲಿ, ಬೇಕಾದ ಲೈಬ್ರರಿಗಳ ಪಟ್ಟಿಯಿರುವ ನಿಮ್ಮ ಪಾಮ್ ಫೈಲಿನಲ್ಲಿ ಒಂದು ಅಂಕಿ ತಿದ್ದಿದರೆ ಮುಗಿಯಿತು, ಯಾರೂ ಏನೂ ಅಳಿಸಬೇಕಿಲ್ಲ. ದಿನಕ್ಕೆ ನಾಲ್ಕು ಸಲ ಬದಲಾಗುವ ಕೋಡ್ ಆದರೆ ಸ್ನ್ಯಾಪ್‌ಶಾಟ್ ಎಂದೇ ಹಾಕಲಿ. ಆಗ ‘ಯು’ ಕೊಟ್ಟರೆ ಕೆಲಸ ಆಗುತ್ತದೆ.

ಮೇವನ್ ಬದಲು ಗ್ರೇಡಲ್ ಎಂಬ ಬಿಲ್ಡ್ ಟೂಲ್ ಬಳಸುವವರಿಗೆ ಒಂದು ಮಾತು: ಅಲ್ಲಿ ಸ್ನ್ಯಾಪ್‌ಶಾಟ್ ನೆನಪು 24 ಗಂಟೆ, ‘ರಿಫ್ರೆಶ್ ಡಿಪೆಂಡೆನ್ಸೀಸ್’ ಆಯ್ಕೆ ಕೊಟ್ಟರೆ ಇಳಿಸಿಟ್ಟುಕೊಂಡಿದ್ದ ಕ್ಯಾಶ್ ಬದಿಗಿಟ್ಟು ರಿಲೀಸ್‌ಗಳನ್ನೂ ಹೊಸದಾಗಿ ವಿಚಾರಿಸುತ್ತದೆ.

ಇನ್ನೊಂದು ಕೆಲಸ ಬಾಕಿ ಇದೆ, ಅದು ಟೂಲಿನ ಕೆಲಸವಲ್ಲ. ಹಳೇ 1.4.2 ಸೇರಿದ ಬಿಲ್ಲಿಂಗ್ ಈಗಾಗಲೇ ಯಾವುದಾದರೂ ಮಂಡಿಗೆ ಹೋಗಿದೆಯೇ ನೋಡಿ. ಹೋಗಿದ್ದರೆ ನಂಬರ್ ನೋಡಿ ಗುರುತು ಹಿಡಿಯಲಾರಿರಿ, ಅಲ್ಲಿನ ಜಾರ್‌ನ ಶಾ-1 ತೆಗೆದೇ ಹೋಲಿಸಬೇಕು. ಆಗ ಬೇಕಾಗುತ್ತದೆ, ನೀವು ಅಳಿಸುವ ಮುಂಚೆ ತೆಗೆದ ಆ 40 ಅಕ್ಷರವನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ.