ಲಿನಕ್ಸ್‌ನಲ್ಲಿ ಮೆಸೇಜ್ ಕ್ಯೂ: ಒಂದು ಪ್ರೋಗ್ರಾಮ್ ಮಾಡಿದ್ದನ್ನು ಇನ್ನೊಂದು ತೆರೆಯುವುದು ಹೇಗೆ?

ಒಂದು ಸಿ ಪ್ರೋಗ್ರಾಮ್ ಮೆಸೇಜ್ ಕ್ಯೂ (ಪ್ರೋಗ್ರಾಮ್‌ಗಳು ಒಂದಕ್ಕೊಂದು ಸಂದೇಶ ಕಳಿಸುವ ಸಾಲು) ಮಾಡಿದೆ, ಇನ್ನೊಂದು ತೆರೆಯಲು ಹೋದರೆ ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಬರುತ್ತಿದೆ, ಅಲ್ವಾ? ಕ್ಯೂ ಮಾಡುವ, ತೆರೆಯುವ ಫಂಕ್ಷನ್ ಎಂಎಸ್‌ಜಿಗೆಟ್ ಈ ಎರರ್ ಕೊಟ್ಟರೆ ಫೈಲ್ ಹುಡುಕಬೇಡಿ. ನೀವು ಕೊಟ್ಟ ಕೀ (ಕ್ಯೂ ಗುರುತಿಸುವ ನಂಬರ್) ಇರುವ ಕ್ಯೂ ಇಲ್ಲ ಎಂದಷ್ಟೇ ಅರ್ಥ.

ಎರಡೂ ಕಡೆ ಕೀ ಒಂದೇ ಆಗಿರಬೇಕು. ಕೀ ಮಾಡಿಕೊಡುವ ಫಂಕ್ಷನ್ ಎಫ್‌ಟಾಕ್‌ಗೆ ಅದೇ ಫೈಲಿನ ಪಾತ್, ಅದೇ ಪ್ರಾಜೆಕ್ಟ್ ಐಡಿ ಕೊಡಿ. ಅದು ನೋಡುವುದು ಫೈಲಿನ ಹೆಸರನ್ನಲ್ಲ, ಐನೋಡ್ ನಂಬರನ್ನು (ಫೈಲ್ ಸಿಸ್ಟಂ ಪ್ರತಿ ಫೈಲಿಗೆ ಕೊಡುವ ನಂಬರ್). ಮಧ್ಯೆ ಫೈಲ್ ಅಳಿಸಿ ಹೊಸದಾಗಿ ಮಾಡಿದರೆ ಕೀ ಬೇರೆ ಆಗಬಹುದು. ಫೈಲೇ ಇಲ್ಲದಿದ್ದರೆ -1 ಬರುತ್ತದೆ. ತಮಾಷೆ ಅಂದರೆ, ಚೆಕ್ ಮಾಡದೆ ಎರಡೂ ಕಡೆ ಆ -1 ಅನ್ನೇ ಕೀ ಮಾಡಿಕೊಂಡರೂ ಕೆಲಸ ನಡೆಯುತ್ತದೆ! ಹಾಗೆ ಬಿಡಬೇಡಿ.

ಕ್ಯೂ ಮಾಡುವಾಗ ಐಪಿಸಿ_ಕ್ರಿಯೇಟ್ (IPC_CREAT) ಫ್ಲ್ಯಾಗ್ ಜೊತೆ ಅನುಮತಿ 0600 (ಮಾಲೀಕರಿಗೆ ಮಾತ್ರ ಓದು-ಬರಹ) ಸೇರಿಸಿ. ಅನುಮತಿ ಮರೆತರೆ ಕ್ಯೂ ಆಗುತ್ತದೆ, ಐಡಿಯೂ ಸಿಗುತ್ತದೆ. ಆದರೆ ರೂಟ್ ಅಲ್ಲದವರು ಕಳಿಸಲು ಹೋದರೆ ‘ಪರ್ಮಿಷನ್ ಡಿನೈಡ್’. ಬೇರೆ ಯೂಸರ್ ಕೂಡ ಬಳಸುವುದಾದರೆ ಒಂದೇ ಗ್ರೂಪಿಗೆ ಹಾಕಿ 0660 ಕೊಡಿ. ಸುಮ್ನೆ ಎಲ್ಲರಿಗೂ ತೆರೆದಿಡುವ 0666 ಕೊಡುವ ಅಭ್ಯಾಸ ನನಗೆ ಇಷ್ಟವಿಲ್ಲ.

ಕಳಿಸುವ ಸ್ಟ್ರಕ್ಟ್‌ನಲ್ಲಿ ಮೊದಲು ಮೆಸೇಜ್ ಟೈಪ್ ಹೇಳುವ ಒಂದು ಲಾಂಗ್ ಇರಬೇಕು, ಬೆಲೆ ಸೊನ್ನೆಗಿಂತ ಜಾಸ್ತಿ. ಸೈಜ್ ಕೊಡುವಾಗ ಆ ಲಾಂಗ್ ಅನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪಡೆಯುವಾಗ ಟೈಪ್ 0 ಕೊಟ್ಟರೆ ಮೊದಲಿದ್ದದ್ದು ಬರುತ್ತದೆ, 3 ಕೊಟ್ಟರೆ ಆ ಟೈಪಿನ ಮೆಸೇಜ್ ಮಾತ್ರ.

ಪ್ರೋಗ್ರಾಮ್ ಮುಗಿದರೂ ಕ್ಯೂ ಉಳಿಯುತ್ತದೆ. ಹಳೇ ಮೆಸೇಜ್ ಬರುತ್ತಿದ್ದರೆ ಟರ್ಮಿನಲ್‌ನಲ್ಲಿ ಐಪಿಸಿಎಸ್ -ಕ್ಯು ಹಾಕಿ ಕ್ಯೂಗಳ ಪಟ್ಟಿ ನೋಡಿ, ಐಪಿಸಿಆರ್‌ಎಂ -ಕ್ಯು ಮುಂದೆ ಐಡಿ ಕೊಟ್ಟು ತೆಗೆಯಿರಿ.