ಮಲೆನಾಡಿನಲ್ಲಿ ಸೀಟಿನ ತಯಾರಿ ಎಲ್ಲಿಂದ ಶುರು?

ಪಿಯುಸಿ ಓದುವ ಮಕ್ಕಳಿಗೆ ನಾಲ್ಕು ವರ್ಷದ ಡಿಗ್ರಿ ಸೀಟು ಸಿಗಬೇಕಾದರೆ ಕೋಚಿಂಗ್ ಎಲ್ಲಿ ಕೊಡಿಸಬೇಕು ಅಂತ ಪೋಷಕರು ಕೇಳುತ್ತಾರೆ. ಮೂಡಿಗೆರೆ, ಸಕಲೇಶಪುರದಂಥ ಘಟ್ಟದಂಚಿನ ಊರುಗಳಲ್ಲಿ ಅದಕ್ಕಿಂತ ಮೊದಲು ನೋಡಬೇಕಾದದ್ದು ಕಾಗದಪತ್ರ. ಒಳ್ಳೆಯ ಅಂಕ ಬಂದ ಮಕ್ಕಳೂ ಅಲ್ಲೇ ಎಡವುತ್ತಾರೆ.

ಬಿಎ, ಬಿಕಾಂ, ಬಿಎಸ್ಸಿ 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂದಿವೆ. ಈಗ ನಾಲ್ಕು ವರ್ಷ ಎಂದರೆ ನಮ್ಮ ಕಡೆ ಮುಖ್ಯವಾಗಿ ಹಾಸನ, ಚಿಕ್ಕಮಗಳೂರಿನ ಇಂಜಿನಿಯರಿಂಗ್ ಕಾಲೇಜುಗಳು, ಕಾರೇಕೆರೆಯ ಕೃಷಿ ಕಾಲೇಜು, ಮೂಡಿಗೆರೆಯ ತೋಟಗಾರಿಕೆ ಕಾಲೇಜು. ಇವಕ್ಕೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ ಬರೆಯಬೇಕು.

ಗ್ರಾಮೀಣ ಮೀಸಲಾತಿ ಶೇ 15 ಇದೆ. ಒಂದರಿಂದ ಹತ್ತನೇ ತರಗತಿವರೆಗೆ ಹತ್ತೂ ವರ್ಷ ಹಳ್ಳಿಯಲ್ಲೇ ಓದಿರಬೇಕು. ಮನೆ ಕಾಫಿ ತೋಟದ ನಡುವೆ ಇದ್ದರೂ ಹೈಸ್ಕೂಲು ಮೂಡಿಗೆರೆ ಪೇಟೆಯದಾದರೆ ಇದು ಸಿಗುವುದಿಲ್ಲ. ಪಟ್ಟಣ ಪಂಚಾಯಿತಿ ವ್ಯಾಪ್ತಿ ಗ್ರಾಮೀಣಕ್ಕೆ ಸೇರದು. ಶಾಲೆ ಬದಲಾಯಿಸಿದ್ದರೆ ಅಲ್ಲಿ ಓದಿದ್ದಕ್ಕೆ ಪ್ರತಿ ಶಾಲೆಯಿಂದಲೂ ಪತ್ರ ಬೇಕು, ಅದರ ಮೇಲೆ ಹೆಡ್‌ಮಾಸ್ಟರ್ ಸಹಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಇರಬೇಕು. ಕನ್ನಡ ಮಾಧ್ಯಮದ ಶೇ 5 ಮೀಸಲಾತಿಗೂ ಇದೇ ಕ್ರಮ. ಪಿಯುಸಿ ಪರೀಕ್ಷೆ ಮುಗಿಯಲಿ ಅಂತ ಕಾದರೆ ಶಾಲೆಗೆ ಬೇಸಿಗೆ ರಜೆ ಹತ್ತಿರ ಬಂದಿರುತ್ತದೆ, ಆಮೇಲೆ ಸಹಿ ಹಾಕುವವರೇ ಸಿಗುವುದಿಲ್ಲ. ಡಿಸೆಂಬರ್‌ನಲ್ಲೇ ಮಾಡಿಸಿಡಿ.

ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರದಲ್ಲಿರುವ ಆರ್‌ಡಿ ನಂಬರನ್ನು ಅರ್ಜಿಯಲ್ಲಿ ಹಾಕುತ್ತೀರಲ್ಲ, ಆಗ ಹೆಸರು ತಾಳೆಯಾಗಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಕೊನೆಗಿದ್ದು ಆಧಾರ್‌ನಲ್ಲಿ ಮೊದಲಿಗಿದ್ದರೂ ತಕರಾರು ಏಳಬಹುದು. ಅಂಕಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು ಉಳಿದದ್ದನ್ನು ತಿದ್ದಿಸಿ.

ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬಾರದು. ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಸಿಇಟಿ, ಅರ್ಧ ಪಿಯುಸಿಯ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಅಂಕ.

ಅಗ್ರಿ, ತೋಟಗಾರಿಕೆಗೆ ಕೃಷಿಕ ಕೋಟಾ ಉಂಟು, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಬೀಜ, ಗೊಬ್ಬರ, ಸಲಕರಣೆ ನೋಡಿ ಗುರುತಿಸಬೇಕು. ಅರೇಬಿಕಾ, ರೊಬಸ್ಟಾ, ಮೆಣಸು ಕಣ್ಣುಮುಚ್ಚಿ ಹೇಳುವ ನಮ್ಮ ಮಕ್ಕಳಿಗೆ ಸಾಮೆ ಯಾವುದು, ನವಣೆ ಯಾವುದು ಗೊತ್ತಿರುವುದಿಲ್ಲ. ಅರಸೀಕೆರೆ, ಕಡೂರು ಕಡೆಯ ನೆಂಟರಿದ್ದರೆ ಒಂದೊಂದು ಹಿಡಿ ಕಾಳು ತರಿಸಿ, ಮುಟ್ಟಿ ನೋಡಿ ಕಲಿಸಿ.

ಬೇಕಾದ ಕಾಲೇಜು, ಕೋರ್ಸುಗಳನ್ನು ಆನ್‌ಲೈನಿನಲ್ಲಿ ಒಂದರ ಕೆಳಗೊಂದು ತುಂಬುವ ಆಪ್ಷನ್ ಎಂಟ್ರಿ ಬರುವ ಹೊತ್ತಿಗೆ ಇಲ್ಲಿ ಮಳೆ ಹಿಡಿದಿರುತ್ತದೆ. ಕರೆಂಟ್ ಹೋದರೆ ಟವರೂ ಹೋಯಿತು. ಅರ್ಜಿಗೆ ಕೊಟ್ಟ ಮೊಬೈಲಿಗೇ ಒಟಿಪಿ ಬರುವುದರಿಂದ ಆ ಫೋನ್ ಮಗುವಿನ ಹತ್ತಿರವೇ ಇರಲಿ. ಕೊನೇ ದಿನದವರೆಗೆ ಬಿಡದೆ ಚಿಕ್ಕಮಗಳೂರಿಗೋ ಹಾಸನಕ್ಕೋ ಹೋಗಿ ಕೂತು ಮುಗಿಸಿ. ಸಿಗಬಹುದು ಅನಿಸಿದ್ದನ್ನಲ್ಲ, ಬೇಕಾದದ್ದನ್ನೇ ಮೇಲೆ ಹಾಕಿ. ಮುಂದಿನ ಸುತ್ತಿನಲ್ಲಿ ಮೇಲಿನ ಆಪ್ಷನ್ ಸಿಕ್ಕಿತೋ, ಕೈಯಲ್ಲಿದ್ದ ಹಳೇ ಸೀಟು ಹೋಗುತ್ತದೆ. ಹಾಗಾಗಿ ಸೇರಲು ಮನಸ್ಸಿಲ್ಲದ ಕಾಲೇಜನ್ನು ಪಟ್ಟಿಗೇ ಸೇರಿಸಬೇಡಿ.

ಸೀಟು ಸಿಕ್ಕರೆ ಹಾಸ್ಟೆಲ್ ಸಿಕ್ಕಂತಲ್ಲ. ಬಿಸಿಎಂ (ಹಿಂದುಳಿದ ವರ್ಗಗಳ), ಸಮಾಜ ಕಲ್ಯಾಣ ಹಾಸ್ಟೆಲ್‌ಗೆ ಬೇರೆ ಅರ್ಜಿ, ವಿದ್ಯಾರ್ಥಿವೇತನಕ್ಕೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಮತ್ತೊಂದು. ದುಡ್ಡು ಬರುವುದು ಆಧಾರ್ ಜೋಡಣೆಯಾದ ಖಾತೆಗೆ ಮಾತ್ರ, ಹಾಗಾಗಿ ಮಗುವಿನ ಹೆಸರಿನ ಖಾತೆಗೆ ಜೋಡಣೆಯಾಗಿದೆಯೇ ಅಂತ ಬ್ಯಾಂಕಿನಲ್ಲಿ ಮೊದಲೇ ವಿಚಾರಿಸಿಕೊಳ್ಳಿ.